ಲಾರಿಗೆ ಹತ್ತದ ಸಾಮಾನು

ಮೇ ತಿಂಗಳು ಬಂತೆಂದರೆ ಕರ್ನಾಟಕದ ಊರೂರುಗಳಲ್ಲಿ ಮನೆ ಮುಂದೆ ಲಾರಿ ನಿಲ್ಲುವ ಕಾಲ. ವರ್ಗಾವಣೆಯಾದ ಸರ್ಕಾರಿ ನೌಕರರು, ಬ್ಯಾಂಕಿನವರು, ಬಾಡಿಗೆ ಕರಾರು ಮುಗಿದವರು, ಶಾಲೆ ಶುರುವಾಗುವ ಮೊದಲೇ ಬೆಂಗಳೂರು ಸೇರಬೇಕೆನ್ನುವವರು, ಆಷಾಢ ಹುಟ್ಟುವುದರೊಳಗೆ ಹಾಲು ಉಕ್ಕಿಸಿಬಿಡೋಣ ಎನ್ನುವವರು, ಎಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಗಂಟುಮೂಟೆ ಕಟ್ಟುತ್ತಾರೆ. ಬೀರು, ಫ್ರಿಜ್ಜು, ಗ್ಯಾಸ್ ಸಿಲಿಂಡರು, ತುಳಸಿ ಕುಂಡ, ಪ್ರತಿಯೊಂದಕ್ಕೂ ಲೆಕ್ಕ ಇರುತ್ತದೆ. ಮನೆಯ ಮೂರು ವರ್ಷದ ಮಗುವಿನ ವಿಷಯ ಮಾತ್ರ "ಮಕ್ಕಳಿಗೇನು, ಎರಡು ದಿನಕ್ಕೆ ಹೊಂದಿಕೊಳ್ತಾವೆ" ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಹೊಂದಿಕೊಳ್ಳುವುದು ನಿಜ. ಆ ಎರಡು ದಿನ ಕೆಲವು ವಾರಗಳಾಗುತ್ತವೆ ಎನ್ನುವುದೂ ಅಷ್ಟೇ ನಿಜ. ಆ ವಾರಗಳಲ್ಲಿ ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುತ್ತದೆ. ತಾನೇ ಉಣ್ಣುತ್ತಿದ್ದ ಮಗು ಈಗ ತುತ್ತು ಮಾಡಿ ಹಾಕು ಎನ್ನುತ್ತದೆ. ಅಮ್ಮ ಬಚ್ಚಲಿಗೆ ಹೋದರೂ ಬಾಗಿಲು ಬಡಿಯುತ್ತದೆ. ದೊಡ್ಡವರು ಇದಕ್ಕೆ ಹಟ ಎಂದು ಹೆಸರಿಡುತ್ತಾರೆ. ಮಗುವಿನ ಕಡೆಯಿಂದ ನೋಡಿ: ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಯಾವ ಗೋಡೆಗೆ ಬೀಳುತ್ತದೆ, ತನ್ನ ಲೋಟ ಯಾವ ಗೂಡಿನಲ್ಲಿದೆ, ರಾತ್ರಿ ಎಚ್ಚರವಾದರೆ ಯಾವ ಪಕ್ಕಕ್ಕೆ ಕೈ ಚಾಚಿದರೆ ಅಮ್ಮ ಸಿಗುತ್ತಾಳೆ, ಸಂಜೆ ಯಾವ ಸದ್ದಾದರೆ ಅಪ್ಪ ಬಂದರೆಂದು ಅರ್ಥ. ಅದಕ್ಕೆ ಮನೆ ಎಂದರೆ ಇಷ್ಟು. ಇದ್ಯಾವುದೂ ಲಾರಿಗೆ ಹತ್ತುವುದಿಲ್ಲ. ದೊಡ್ಡವರು ಕೈಯಾರೆ ಹೊತ್ತು ತರಬೇಕು, ಹೊಸ ಮನೆಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಜೋಡಿಸಬೇಕು. ಷೋಕೇಸು ಆಮೇಲೆ.

ಆರು ತಿಂಗಳೊಳಗಿನ ಕೂಸಿಗೆ ಈ ಕಷ್ಟ ಕಡಿಮೆ. ಎತ್ತಿಕೊಳ್ಳುವ ತೋಳು ಅದೇ ಆಗಿದ್ದರೆ, ಹಾಲಿನ ಹೊತ್ತು ತಪ್ಪದಿದ್ದರೆ ಅದು ಎಲ್ಲಿ ಬೇಕಾದರೂ ಮಲಗುತ್ತದೆ. ಎಂಟು ತಿಂಗಳಿನಿಂದ ಒಂದೂವರೆ ವರ್ಷದವರೆಗೆ ಹಾಗಲ್ಲ. ಕಣ್ಣಿಗೆ ಕಾಣದ ಅಮ್ಮ ಎಲ್ಲೋ ಇದ್ದಾಳೆ ಎಂದು ತಿಳಿಯತೊಡಗಿರುತ್ತದೆ, ಯಾವಾಗ ಬರುತ್ತಾಳೆ ಎಂದು ತಿಳಿಯುವುದಿಲ್ಲ. ಎರಡರಿಂದ ನಾಲ್ಕು ವರ್ಷದವರದು ಬೇರೆ ತೊಡಕು. ಮಾತು ಬರುತ್ತದೆ, ಕಾಲದ ಅಳತೆ ಬರುವುದಿಲ್ಲ. ಆ ವಯಸ್ಸಿನಲ್ಲಿ 'ನಿನ್ನೆ', 'ನಾಳೆ', 'ನಾಡಿದ್ದು' ಎಲ್ಲ ಒಂದೇ ಚೀಲದಲ್ಲಿರುತ್ತವೆ. ಐದಾರು ವರ್ಷದವರಿಗೆ ಗೆಳೆಯರಿರುತ್ತಾರೆ, ಅವರ ನೋವು ಜನರನ್ನು ಬಿಟ್ಟು ಬರುವ ನೋವು.

ಹಾಗಾಗಿ ಹೇಳುವ ಹೊತ್ತೂ ವಯಸ್ಸಿನ ಮೇಲೆ ನಿಲ್ಲುತ್ತದೆ. ಐದಾರು ವರ್ಷದ ಮಗುವಿಗೆ ಮೂರು ನಾಲ್ಕು ವಾರ ಮೊದಲು ಹೇಳಿದರೆ ಪ್ರಶ್ನೆ ಕೇಳಲು, ಅಳಲು, ಗೆಳೆಯರಿಗೆ ಹೇಳಿಕೊಳ್ಳಲು ಸಮಯ ಸಿಗುತ್ತದೆ. ಮೂರು ವರ್ಷದ ಮಗುವಿಗೆ ಹತ್ತು ದಿನ ಸಾಕು. ಎರಡು ತಿಂಗಳು ಮೊದಲೇ ಹೇಳಿದರೆ ಅದು ದಿನಾ ಬೆಳಿಗ್ಗೆ "ಇವತ್ತಾ?" ಎಂದು ಕೇಳಿ ಕಂಗಾಲಾಗುತ್ತದೆ. ದಿನ ಎಣಿಸಲು ಕ್ಯಾಲೆಂಡರಿಗಿಂತ ಹುಣಿಸೆ ಬೀಜ ವಾಸಿ. ಬಟ್ಟಲಲ್ಲಿ ಹತ್ತು ಬೀಜ ಹಾಕಿ. ದಿನಾ ರಾತ್ರಿ ಮಲಗುವ ಮುಂಚೆ ಮಗು ಒಂದನ್ನು ತೆಗೆಯಲಿ. ಬಟ್ಟಲು ಬರಿದಾದ ಮರುದಿನ ಹೊರಡುವುದು. ಬೀಜ ಬಾಯಿಗೆ ಹಾಕುವ ವಯಸ್ಸಾದರೆ ಬೀಜದ ಬದಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ದಾರಕ್ಕೆ ಸಿಕ್ಕಿಸಿ.

ಹೇಳುವ ಮಾತು ಚಿಕ್ಕದಾಗಿರಲಿ, ಏನು ಬರುತ್ತದೆ ಏನು ಬರುವುದಿಲ್ಲ ಎನ್ನುವುದು ಅದರಲ್ಲಿ ಇರಲಿ. "ನಾವು ಹೊಸ ಮನೆಗೆ ಹೋಗ್ತೀವಿ ಕಂದ. ಅಪ್ಪ ಬರ್ತಾರೆ, ನಾನು ಬರ್ತೀನಿ, ನಿನ್ನ ಹಾಸಿಗೆ ಬರುತ್ತೆ, ನಿನ್ನ ಆನೆ ಬರುತ್ತೆ. ಅಜ್ಜಿ ಇಲ್ಲೇ ಇರ್ತಾರೆ, ದಿನಾ ಸಂಜೆ ಫೋನ್ ಮಾಡ್ತಾರೆ." ಕೊನೆಯ ವಾಕ್ಯ ಹೇಳಲು ಹೆಚ್ಚಿನವರಿಗೆ ಧೈರ್ಯ ಸಾಲುವುದಿಲ್ಲ. ಅಳುತ್ತದೆ ಎಂದು ಮುಚ್ಚಿಡುತ್ತಾರೆ, "ಟಾಟಾ ಹೋಗೋಣ" ಎಂದು ಕಾರು ಹತ್ತಿಸುತ್ತಾರೆ. ಆಮೇಲೆ ಆ ಮಗು ಟಾಟಾ ಎಂಬ ಮಾತಿಗೇ ಹೆದರುತ್ತದೆ, ಚಪ್ಪಲಿ ಹಾಕಲು ಹೋದರೆ ಅಳುತ್ತದೆ. ಮುಂಚೆ ಅತ್ತ ಅಳು ಒಂದು ಸಂಜೆಯದು, ಮೋಸದ ಅಳು ತಿಂಗಳುಗಟ್ಟಲೆಯದು.

ನಮ್ಮ ಮನೆಗಳಲ್ಲಿ ಸಲೀಸಾಗಿ ಓಡಾಡುವ ಎರಡು ಮಾತುಗಳಿಗೆ ಮನೆ ಬದಲಿಸುವ ತಿಂಗಳಲ್ಲಿ ಪೂರ್ತಿ ರಜೆ ಕೊಡಬೇಕು. ಒಂದು, "ಹಟ ಮಾಡಿದ್ರೆ ಇಲ್ಲೇ ಬಿಟ್ಟು ಹೋಗ್ತೀವಿ." ಸಾಮಾನೆಲ್ಲ ಹೊರಗೆ ಹೋಗುತ್ತಿರುವುದನ್ನು ಕಣ್ಣಾರೆ ಕಾಣುವ ಮಗುವಿಗೆ ಇದು ಬೆದರಿಕೆಯಾಗಿ ಕೇಳಿಸುವುದಿಲ್ಲ, ಸುದ್ದಿಯಾಗಿ ಕೇಳಿಸುತ್ತದೆ. ಎರಡನೆಯದು ಗೋಣಿಚೀಲದವನ ಮಾತು. ಊಟ ಮಾಡದಿದ್ದರೆ ಗೋಣಿಚೀಲದವನು ಹಿಡಿದುಕೊಂಡು ಹೋಗುತ್ತಾನೆ ಎಂದು ವರ್ಷಗಟ್ಟಲೆ ಹೆದರಿಸಿ, ಕೊನೆಗೆ ಒಂದು ಬೆಳಿಗ್ಗೆ ನಾಲ್ಕು ಜನ ಅಪರಿಚಿತರು ನಿಜವಾಗಿಯೂ ಗೋಣಿಚೀಲ ಹಿಡಿದು ಮನೆಯೊಳಗೆ ಬಂದು ಒಂದೊಂದೇ ಸಾಮಾನು ತುಂಬಿಕೊಳ್ಳತೊಡಗಿದರೆ ಮಗುವಿನ ಎದೆ ಏನಾಗಬೇಡ? ಆ ಬೆದರಿಕೆ ಮೊದಲೇ ಬಳಸಿಬಿಟ್ಟಿದ್ದರೆ, ಸಾಮಾನು ಹೊರುವವರು ಬಂದ ಕೂಡಲೇ ಮಗುವಿಗೆ ಅವರ ಹೆಸರು ಹೇಳಿ ಪರಿಚಯಿಸಿ, ಅವರಿಗೆ ನೀರಿನ ಲೋಟ ಕೊಡಲು ಮಗುವಿನ ಕೈಗೇ ಕೊಡಿ.

ದೊಡ್ಡವರು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತೂ ಮಗುವಿನ ಕಿವಿಗೆ ಬೀಳುತ್ತದೆ. "ಮಕ್ಕಳ ಗಲಾಟೆ ಜಾಸ್ತಿ ಅಂತ ಓನರ್ ಖಾಲಿ ಮಾಡಿ ಅಂದ್ರು" ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡ ನಾಲ್ಕು ವರ್ಷದ ಮಗು ಮನೆ ಹೋಗಿದ್ದು ತನ್ನಿಂದಲೇ ಎಂದು ನಂಬಿಬಿಡುತ್ತದೆ. ಮೂರರಿಂದ ಆರರ ನಡುವೆ ಮಕ್ಕಳು ಸುತ್ತ ಆಗುವುದಕ್ಕೆಲ್ಲ ತಾವೇ ಕಾರಣ ಎಂದು ಎಣಿಸುವುದು ಸಹಜ. ಕೇಳದಿದ್ದರೂ ಒಮ್ಮೆ ಬಿಡಿಸಿ ಹೇಳಿ: ಅಪ್ಪನ ಆಫೀಸು ಬೇರೆ ಊರಿಗೆ ಹೋಯಿತು, ನೀನು ಏನೂ ಮಾಡಲಿಲ್ಲ.

ಇನ್ನೊಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಹೇಗೂ ಹೊಸ ಮನೆಗೆ ಬಂದಿದ್ದೇವಲ್ಲ ಎಂದು ಇದೇ ಸಮಯಕ್ಕೆ ಎದೆಹಾಲು ಬಿಡಿಸುವುದು, ಡೈಪರ್ ಬಿಡಿಸುವುದು, ಬೇರೆ ಕೋಣೆಯಲ್ಲಿ ಮಲಗಿಸುವುದು, ಬಾಟಲಿ ಕಿತ್ತುಕೊಳ್ಳುವುದು, ಜವಳ ತೆಗೆಸುವುದು, ಎಲ್ಲ ಒಟ್ಟಿಗೆ ಹಚ್ಚಿಕೊಳ್ಳಬಾರದು. ಹೊಸ ಮನೆಯಲ್ಲಿ ಮಕ್ಕಳ ಕೋಣೆ ಎಂದು ಗುಲಾಬಿ ಬಣ್ಣ ಬಳಿಸಿ, ಕಾರ್ಟೂನ್ ಅಂಟಿಸಿ, ಮೊದಲ ರಾತ್ರಿಯೇ ಅಲ್ಲಿ ಮಲಗು ಎನ್ನುವವರು ಈಗೀಗ ಹೆಚ್ಚಿದ್ದಾರೆ. ಹುಟ್ಟಿದಾಗಿನಿಂದ ಅಪ್ಪ ಅಮ್ಮನ ನಡುವೆ ಮಲಗಿದ ಮಗುವಿಗೆ ಅದು ಎರಡು ಮನೆ ಒಟ್ಟಿಗೆ ಕಳೆದುಕೊಂಡ ಹಾಗೆ. ಒಂದು ಬದಲಾವಣೆಗೂ ಇನ್ನೊಂದಕ್ಕೂ ನಡುವೆ ಕಡೇ ಪಕ್ಷ ಒಂದು ತಿಂಗಳಿರಲಿ. ಎರಡನೇ ಮಗುವಿನ ಹೆರಿಗೆ ಹತ್ತಿರವಿದ್ದರೆ, ಸಾಧ್ಯವಾದಷ್ಟೂ ಎರಡು ಮೂರು ತಿಂಗಳು ಮೊದಲೇ ಮನೆ ಬದಲಿಸುವುದು ಒಳ್ಳೆಯದು.

ಕಟ್ಟುವ ಕೆಲಸದಲ್ಲಿ ಮಗುವಿನ ಆಟದ ಸಾಮಾನು ಕೊನೆಗೆ ಬರಲಿ, ಅದರ ಕಣ್ಣೆದುರೇ ಬರಲಿ. ನಿದ್ದೆ ಮಾಡುವಾಗ ಕಟ್ಟಿಟ್ಟರೆ ಎದ್ದಾಗ ಎಲ್ಲವೂ ಮಾಯವಾಗಿರುತ್ತದೆ. ಮುರಿದ ಬಸ್ಸು, ಕಿವಿ ಹರಿದ ಮೊಲ ಎಸೆಯಲು ಇದು ಸಮಯವಲ್ಲ. ಹೊಸ ಮನೆಗೆ ಬಂದು ಎರಡು ತಿಂಗಳಾದ ಮೇಲೆ ನೋಡಿದರಾಯಿತು. ಮಗುವಿನದೇ ಒಂದು ಪೆಟ್ಟಿಗೆ ಇರಲಿ. ಅದು ಲಾರಿಗೆ ಕೊನೆಗೆ ಹತ್ತಬೇಕು, ಮೊದಲು ಇಳಿಯಬೇಕು. ಕಾರಿನಲ್ಲೇ ಬಂದರೆ ಇನ್ನೂ ಒಳ್ಳೆಯದು. ಅದರಲ್ಲಿ ಮೂರು ದಿನಕ್ಕಾಗುವ ಆರೇಳು ಜೊತೆ ಬಟ್ಟೆ, ಎರಡು ಬೆಡ್‌ಶೀಟು, ರಬ್ಬರ್ ಶೀಟು, ಮಗುವಿನ ತಟ್ಟೆ ಲೋಟ ಚಮಚ, ದಿನಾ ಓದಿಸಿಕೊಳ್ಳುವ ಎರಡು ಪುಸ್ತಕ, ಜ್ವರದ ಔಷಧಿ, ಓಆರ್‌ಎಸ್ ಪೊಟ್ಟಣ ನಾಲ್ಕು, ಥರ್ಮಾಮೀಟರು, ರಾತ್ರಿಗೆ ಜೀರೋ ಬಲ್ಬು. ತಾಯಿ ಕಾರ್ಡನ್ನು ಈ ಪೆಟ್ಟಿಗೆಗೂ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮನೆ ಬದಲಿಸುವ ಗದ್ದಲದಲ್ಲಿ ಲಸಿಕೆ ತಪ್ಪಿಹೋಗುವುದು ಸಾಮಾನ್ಯ. 16ರಿಂದ 24 ತಿಂಗಳ ನಡುವಿನ ಬೂಸ್ಟರ್, 5ರಿಂದ 6 ವರ್ಷದ ಡಿಪಿಟಿ ಬೂಸ್ಟರ್, ಐದು ವರ್ಷದವರೆಗೆ ಆರಾರು ತಿಂಗಳಿಗೆ ಕೊಡುವ ವಿಟಮಿನ್ ಎ, ಇವು ಮರೆತುಹೋಗುವಂಥವು. ಹೊಸ ಜಾಗದ ಆಶಾ ಕಾರ್ಯಕರ್ತೆಗೆ ಮೊದಲ ವಾರದಲ್ಲೇ ಕಾರ್ಡ್ ತೋರಿಸಿ.

ಮಗು ಅಪ್ಪಿಕೊಂಡು ಮಲಗುವ ವಸ್ತುವನ್ನು ಒಗೆಯಬೇಡಿ. ಅಮ್ಮನ ಹಳೇ ಸೀರೆಯ ತುಂಡೋ, ಅಜ್ಜಿ ಹೊಲಿದ ಕೌದಿಯೋ, ಹತ್ತಿ ಹೊರಬಂದ ಗೊಂಬೆಯೋ ಯಾವುದೇ ಇರಲಿ, ಹೊಸ ಮನೆಗೆ ಕೊಳಕು ವಸ್ತು ಬೇಡ ಎಂದು ಹೊರಡುವ ಹಿಂದಿನ ದಿನ ಅದನ್ನು ಒಗೆದು ಹಾಕುವುದು ತುಂಬ ಕಡೆ ನಡೆಯುತ್ತದೆ. ಆ ವಸ್ತುವಿನಲ್ಲಿ ಮಗುವಿಗೆ ಬೇಕಾದದ್ದು ಅದರ ವಾಸನೆ. ತಾಯಿಯ ಮಡಿಲಿಗೂ ಹೊರಗಿನ ಜಗತ್ತಿಗೂ ನಡುವೆ ಮಗು ಹಿಡಿದುಕೊಳ್ಳುವ ಇಂಥ ವಸ್ತುಗಳ ಬಗ್ಗೆ ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನ್ನಿಕಾಟ್ 1950ರ ದಶಕದಲ್ಲೇ ಬರೆದಿದ್ದರು. ಅದನ್ನು ಬದಲಿಸುವ ಹಕ್ಕು ಮಗುವಿಗೆ ಮಾತ್ರ ಎನ್ನುವುದು ಅವರ ಮಾತಿನ ತಿರುಳು. ಹೊರಡುವ ಒಂದು ವಾರದಿಂದ ಹೊಸ ಮನೆಯ ಒಂದು ವಾರದವರೆಗೆ ಅದಕ್ಕೆ ಸೋಪು ತಾಗಿಸದಿದ್ದರೆ ಆಯಿತು.

ತೊಟ್ಟಿಲಲ್ಲೋ ಸೀರೆಯ ಜೋಲಿಯಲ್ಲೋ ಮಲಗುವ ಕೂಸಿದ್ದರೆ ಒಂದು ತಾಂತ್ರಿಕ ತೊಂದರೆ ಎದುರಾಗುತ್ತದೆ. ಹಳೇ ಮನೆಗಳ ತೊಲೆಯಲ್ಲಿ, ತಾರಸಿಯಲ್ಲಿ ತೊಟ್ಟಿಲಿಗೆಂದೇ ಕೊಂಡಿ ಇರುತ್ತದೆ. ಇತ್ತೀಚಿನ ಫ್ಲ್ಯಾಟುಗಳಲ್ಲಿ ಇರುವುದು ಫ್ಯಾನಿನ ಕೊಂಡಿ ಮಾತ್ರ. ಅದಕ್ಕೆ ಜೋಲಿ ಕಟ್ಟಬೇಡಿ. ಅದು ನೇರ ತೂಕಕ್ಕೆ ಹಾಕಿದ್ದು, ತೂಗುವಾಗ ಪಕ್ಕಕ್ಕೆ ಬೀಳುವ ಎಳೆತಕ್ಕಲ್ಲ. ಕೆಲವು ಕಡೆ ಅದು ಫಾಲ್ಸ್ ಸೀಲಿಂಗಿಗೆ ಸಿಕ್ಕಿಸಿದ್ದೂ ಇರಬಹುದು. ಕಬ್ಬಿಣದ ಜೋಲಿ ಸ್ಟ್ಯಾಂಡ್ ತರುವುದಾದರೆ ಎರಡು ವಾರ ಮೊದಲೇ ತಂದು ಹಳೇ ಮನೆಯಲ್ಲೇ ಮಲಗಿಸಿ ರೂಢಿ ಮಾಡಿ. ಆಗ ಹೊಸ ಮನೆಯಲ್ಲಿ ಅದು ಕೂಸಿಗೆ ಗುರುತಿನ ವಸ್ತುವಾಗಿರುತ್ತದೆ.

ಸಾಮಾನು ತುಂಬುವ ದಿನ ಮಗು ಎಲ್ಲಿರಬೇಕು? ನೆಂಟರ ಮನೆಗೆ ಕಳಿಸಿ, ಹೊಸ ಮನೆ ಜೋಡಿಸಿದ ಮೇಲೆ ಕರೆತರೋಣ ಎಂಬುದು ಅನುಕೂಲದ ದಾರಿ. ಅದರಲ್ಲಿ ಒಂದು ಕೊರತೆ ಇದೆ. ಬೆಳಿಗ್ಗೆ ಬಿಟ್ಟುಹೋದ ಮನೆ ಮಗುವಿನ ತಲೆಯಲ್ಲಿ ಹಾಗೇ ಇರುತ್ತದೆ, ಅದು ಏನಾಯಿತೆಂದು ಯಾರೂ ತೋರಿಸಲಿಲ್ಲ. ತಿಂಗಳಾದ ಮೇಲೂ ನಮ್ಮನೆಗೆ ಹೋಗೋಣ ಎಂದು ಕೇಳುತ್ತಲೇ ಇರುತ್ತದೆ. ಬೀರು ಇಳಿಸುವ, ಗೇಟು ತೆರೆದಿರುವ ಎರಡು ಮೂರು ತಾಸು ಪಕ್ಕದ ಮನೆಯಲ್ಲೋ ಪಾರ್ಕಿನಲ್ಲೋ ಗುರುತಿನವರ ಜೊತೆ ಇರಲಿ. ಹಗ್ಗ, ಕಬ್ಬಿಣ, ಹಿಂದಕ್ಕೆ ಬರುವ ಲಾರಿಯ ನಡುವೆ ಮಗು ಬೇಡವೇ ಬೇಡ. ಎಲ್ಲ ಖಾಲಿಯಾದ ಮೇಲೆ ಕರೆದುಕೊಂಡು ಬಂದು ಬರಿ ಮನೆ ತೋರಿಸಿ. ಹತ್ತು ನಿಮಿಷ ಸಾಕು. ಒಂದೊಂದೇ ಕೋಣೆಯಲ್ಲಿ ನಿಂತು ಕೂಗಿದರೆ ದನಿ ಮಾರ್ದನಿಸುತ್ತದೆ, ಅದು ಮಗುವಿಗೆ ಖುಷಿ. ಗೋಡೆಗೆ, ಕಟ್ಟೆಗೆ, ಪೇರಲೆ ಗಿಡಕ್ಕೆ, ಬೀದಿಯ ನಾಯಿಗೆ ಹೆಸರು ಹಿಡಿದು ಹೋಗಿ ಬರ್ತೀವಿ ಎಂದು ಹೇಳಲಿ. ಬಾಗಿಲ ಚೌಕಟ್ಟಿನ ಮೇಲೆ ಮಗುವಿನ ಎತ್ತರದ ಗೆರೆಗಳಿದ್ದರೆ ಉದ್ದನೆಯ ಕಾಗದ ಹಿಡಿದು ನಕಲು ಮಾಡಿಕೊಂಡು ಬನ್ನಿ, ಹೊಸ ಮನೆಯ ಚೌಕಟ್ಟಿಗೆ ಅಂಟಿಸಿ ಗೆರೆ ಮುಂದುವರಿಸಬಹುದು. ಹಳೇ ಮನೆಯ ಹತ್ತು ಹದಿನೈದು ಫೋಟೊ ಮುದ್ರಿಸಿ ಸಣ್ಣ ಆಲ್ಬಮ್ ಮಾಡಿ. ಫೋಟೊಗಳು ಮೊಬೈಲಿನಲ್ಲೇ ಉಳಿದರೆ ಮಗುವಿಗೆ ಬೇಕೆನಿಸಿದಾಗ ಕೈಗೆ ಸಿಗುವುದಿಲ್ಲ.

ಹೊಸ ಮನೆಗೆ ಮಗುವಿಗಿಂತ ಒಂದು ದಿನ ಮೊದಲು ದೊಡ್ಡವರಲ್ಲಿ ಒಬ್ಬರು ಹೋಗಿ ನೆಲದ ಮೇಲೆ ಅಂಬೆಗಾಲಿಟ್ಟು ಪ್ರತಿ ಕೋಣೆ ಸುತ್ತಬೇಕು. ಈ ಮಾತು ಅಕ್ಷರಶಃ ಹೇಳುತ್ತಿದ್ದೇನೆ. ನಿಂತು ನೋಡಿದರೆ ಕಾಣದ್ದು ಮಗುವಿನ ಎತ್ತರದಿಂದ ಕಾಣುತ್ತದೆ: ಹಿಂದಿನವರು ಕಪಾಟಿನ ಮೂಲೆಯಲ್ಲಿ ಬಿಟ್ಟುಹೋದ ನುಸಿಗುಳಿಗೆ, ಸಿಂಕಿನ ಕೆಳಗಿನ ಇಲಿಪಾಷಾಣ, ಗೋಡೆಯಂಚಿನ ಜಿರಳೆ ಚಾಕ್, ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಟ್ಟ ಫಿನಾಯಿಲ್, ನೆಲದಿಂದ ಒಂದಡಿ ಎತ್ತರದ ಮುಚ್ಚಳವಿಲ್ಲದ ಸಾಕೆಟ್. ಸಾಕೆಟ್ಟುಗಳಿಗೆ ಪ್ಲಾಸ್ಟಿಕ್ ಮುಚ್ಚಳ ಸಿಗುತ್ತದೆ. ಮೀಟರ್ ಪೆಟ್ಟಿಗೆಯ ಹತ್ತಿರ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿತವಾಗುವ ಸ್ವಿಚ್ಚು) ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ, ಅದರ ಟೆಸ್ಟ್ ಗುಂಡಿ ಒತ್ತಿಸಿ.

ನೀರು ಎಲ್ಲಕ್ಕಿಂತ ದೊಡ್ಡ ಅಪಾಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಾಡಿಗೆ ಮನೆಗಳಲ್ಲಿ ಸಂಪು ಸಾಮಾನ್ಯವಾಗಿ ಗೇಟಿನ ಒಳಗೆ, ಗಾಡಿ ನಿಲ್ಲಿಸುವ ಜಾಗದಲ್ಲಿ ಇರುತ್ತದೆ, ಮಕ್ಕಳು ಆಡುವ ಜಾಗವೂ ಅದೇ. ತಗಡಿನ ಮುಚ್ಚಳ ತುಕ್ಕು ಹಿಡಿದಿರಬಹುದು, ಟ್ಯಾಂಕರ್ ಬಂದಾಗ ತೆರೆದದ್ದು ಹಾಗೇ ಉಳಿದಿರಬಹುದು. ಮುಚ್ಚಳಕ್ಕೆ ಬೀಗ ಹಾಕುವ ಕೊಂಡಿ ಬೇಕು, ಇಲ್ಲದಿದ್ದರೆ ಮುಂಗಡ ಕೊಡುವ ಮೊದಲೇ ಓನರ್ ಹತ್ತಿರ ಮಾತಾಡಿ ಹಾಕಿಸಿಕೊಳ್ಳಿ. ಇನ್ನೊಂದು ಅಪಾಯ ಹೊಸದಾಗಿ ಬಂದವರಿಗೇ ವಿಶೇಷವಾದದ್ದು. ನೀರು ಯಾವ ದಿನ ಬಿಡುತ್ತಾರೆ ಎಂದು ತಿಳಿಯದೆ ಮೊದಲ ವಾರ ಡ್ರಮ್ಮು, ಬಕೆಟ್ಟು, ಟಬ್ಬು ಎಲ್ಲ ತುಂಬಿಡುತ್ತಾರೆ. ಒಂದೆರಡು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದರೆ ಮೇಲೇಳಲು ಅದಕ್ಕೆ ಆಗುವುದಿಲ್ಲ, ಮುಳುಗಲು ಎರಡು ಮೂರು ಇಂಚು ನೀರು ಸಾಕು. ಸದ್ದೂ ಆಗುವುದಿಲ್ಲ. ಮುಚ್ಚಳವಿರುವ ಡ್ರಮ್ಮಿನಲ್ಲಿ ಮಾತ್ರ ನೀರು ತುಂಬಿಡಿ, ಬಚ್ಚಲ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಚಿಲಕ ಹಾಕಿ.

ಒಳಚಿಲಕದ್ದು ಬೇರೆ ಕಥೆ. ಹೊಸ ಚಿಲಕ ಕಂಡರೆ ಮಕ್ಕಳಿಗೆ ಎಳೆದು ನೋಡುವ ಆಸೆ. ಎಳೆದು ಹಾಕಿಕೊಳ್ಳುವುದು ಸುಲಭ, ತೆಗೆಯಲು ಬರುವುದಿಲ್ಲ. ಮಗುವಿನ ಎತ್ತರಕ್ಕಿರುವ ಚಿಲಕಗಳ ತಿರುಪು ಬಿಚ್ಚಿ ತೆಗೆದಿಟ್ಟು, ಐದಡಿ ಎತ್ತರದಲ್ಲಿ ಒಂದು ಉಳಿಸಿಕೊಳ್ಳಿ. ಮುಂಬಾಗಿಲು ಎಳೆದರೆ ತಾನೇ ಬೀಗ ಬೀಳುವಂಥದ್ದಾದರೆ ಒಂದು ಕೀಲಿ ಪಕ್ಕದ ಮನೆಯಲ್ಲಿರಲಿ. ಗೀಸರಿನ ಥರ್ಮೋಸ್ಟಾಟ್ 50 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿ, 60 ಡಿಗ್ರಿ ನೀರಿಗೆ ಮಗುವಿನ ಚರ್ಮ ಸುಡಲು ಕೆಲವೇ ಸೆಕೆಂಡು ಸಾಕು. ಬಚ್ಚಲ ಒಳಗೇ ಗ್ಯಾಸ್ ಗೀಸರ್ ಇದ್ದರೆ ಹೊರಗೆ ಹಾಕಿಸದೆ ಬಳಸಬೇಡಿ, ಗಾಳಿಯಾಡದ ಬಚ್ಚಲಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಬಾಲ್ಕನಿಯ ಕಂಬಿಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಜಾಗ ಇರಬಾರದು. ಅಡ್ಡ ಕಂಬಿಗಳಾದರೆ ಅವೇ ಏಣಿ. ಸಾಮಾನು ಬಿಚ್ಚುವ ವಾರದಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಾಲ್ಕನಿಗೆ ತಳ್ಳುವುದು ಎಲ್ಲರ ಅಭ್ಯಾಸ, ಹತ್ತಲು ಕಲಿತ ಮಗುವಿಗೆ ಅದಕ್ಕಿಂತ ಒಳ್ಳೆಯ ಮೆಟ್ಟಿಲು ಬೇರೆ ಬೇಕಿಲ್ಲ.

ಬಣ್ಣದ ಬಗ್ಗೆ ಒಂದು ಮಾತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಮನೆಯ ಕಿಟಕಿ ಬಾಗಿಲುಗಳ ಮೇಲೆ ಸೀಸವಿರುವ ಹಳೇ ಎನಾಮೆಲ್ ಪದರ ಉಳಿದಿರಬಹುದು. ಅದು ಚಕ್ಕೆ ಏಳುತ್ತಿದ್ದರೆ, ಉಜ್ಜಿ ಹೊಸದಾಗಿ ಬಳಿಯುವ ಕೆಲಸ ಮಗು ಬರುವುದಕ್ಕೆ ವಾರ ಮೊದಲೇ ಮುಗಿಯಲಿ, ಧೂಳನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಲಿ.

ಮೊದಲ ದಿನ ಹಾಲು ಉಕ್ಕಿಸುವ ಶಾಸ್ತ್ರ ಮಗುವಿಗೆ ಒಳ್ಳೆಯ ಬಾಗಿಲು. ಹಾಲು ಯಾವ ಕಡೆ ಉಕ್ಕುತ್ತದೆ ಎಂದು ದೂರದಲ್ಲಿ ಎತ್ತಿಕೊಂಡು ತೋರಿಸಿ, ಆ ಹಾಲನ್ನೇ ಅದರ ಹಳೇ ಲೋಟಕ್ಕೆ ಹಾಕಿಕೊಡಿ. ಹೋಮ ಇಟ್ಟುಕೊಂಡಿದ್ದರೆ ಹೊಗೆ ಮತ್ತು ನೂರು ಜನರ ಗದ್ದಲದ ನಡುವೆ ಮಗು ಬೆಳಗಿನಿಂದ ಸಂಜೆವರೆಗೆ ಇರಬೇಕಾಗಿಲ್ಲ. ಅದೇ ರಾತ್ರಿ ಹೊಸ ಮನೆಯಲ್ಲಿ ಮಲಗಬೇಕೆಂಬ ಶಾಸ್ತ್ರವಿದ್ದರೆ ಮಧ್ಯಾಹ್ನದ ನಿದ್ದೆ ತಪ್ಪದಂತೆ ನೋಡಿಕೊಳ್ಳಿ. ದಣಿದ ಮಗುವಿಗೆ ಹೊಸ ಮನೆಯ ಮೊದಲ ರಾತ್ರಿ ಕೆಟ್ಟದಾಗಿ ಕಳೆದರೆ ಎರಡನೇ ರಾತ್ರಿ ಬಾಗಿಲಲ್ಲೇ ಅಳು ಶುರು.

ಹಾಸಿಗೆ ಹಾಕುವಾಗ ಹಳೇ ಮನೆಯಲ್ಲಿ ಗೋಡೆ ಮಗುವಿನ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪು ಮಾಡಿಕೊಳ್ಳಿ, ಇಲ್ಲೂ ಹಾಗೇ ಹಾಕಿ. ಅಮ್ಮ ಯಾವ ಪಕ್ಕಕ್ಕೆ ಮಲಗುತ್ತಿದ್ದರೋ ಅದೇ ಪಕ್ಕ. ನಡುರಾತ್ರಿ ಎದ್ದ ಮಗು ಅರೆನಿದ್ದೆಯಲ್ಲಿ ಹಳೇ ಮನೆಯ ನಕ್ಷೆಯ ಪ್ರಕಾರ ನಡೆಯುತ್ತದೆ. ಕಕ್ಕಸು ಇದ್ದ ದಿಕ್ಕಿಗೆ ಹೋಗಿ ಕಪಾಟಿಗೆ ಹಣೆ ಬಡಿದುಕೊಳ್ಳುತ್ತದೆ, ಇಲ್ಲವೇ ದಾರಿ ಕಾಣದೆ ನಿಂತಲ್ಲೇ ಉಚ್ಚೆ ಮಾಡುತ್ತದೆ. ಮಲಗುವ ಮೊದಲು ದೀಪ ಆರಿಸಿ, ಜೀರೋ ಬಲ್ಬಿನ ಬೆಳಕಿನಲ್ಲಿ ಹಾಸಿಗೆಯಿಂದ ಕಕ್ಕಸಿನವರೆಗೆ ಮಗುವಿನ ಕೈ ಹಿಡಿದು ಮೂರು ಸಲ ನಡೆಯಿರಿ. ಒಂದು ವಾರ ದಿನಾ. ಕತ್ತಲಲ್ಲಿ ಕೇಳುವ ಹೊಸ ಸದ್ದುಗಳಿಗೂ ಹೀಗೇ ಹೆಸರಿಡಬೇಕು: ಇದು ಮೋಟರು, ಇದು ಲಿಫ್ಟು, ಇದು ಮೇಲಿನ ಮನೆಯ ಮಾವ ಕುರ್ಚಿ ಎಳೆದದ್ದು.

ಕಕ್ಕಸಿನ ವಿಷಯ ಹಗಲಿನದೂ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರಿನ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಅಭ್ಯಾಸವಾದ ಮಗು ಫ್ಲ್ಯಾಟಿನ ಕಮೋಡ್ ಕಂಡು ಹೆದರುತ್ತದೆ. ಕಾಲು ನೆಲಕ್ಕೆ ತಾಗುವುದಿಲ್ಲ, ಒಳಗೆ ಬಿದ್ದುಬಿಡುತ್ತೇನೆ ಎಂಬ ಭಯ, ಫ್ಲಶ್ಶಿನ ಆರ್ಭಟ ಬೇರೆ. ಹೆದರಿ ಎರಡು ದಿನ ತಡೆದುಕೊಂಡರೆ ಮಲ ಗಟ್ಟಿಯಾಗುತ್ತದೆ, ಮೂರನೇ ದಿನ ನೋವಾಗುತ್ತದೆ, ನೋವಾದದ್ದಕ್ಕೆ ಇನ್ನಷ್ಟು ತಡೆಯುತ್ತದೆ. ವಾರದಲ್ಲಿ ಇದು ಸುತ್ತು ಹಾಕಿಕೊಳ್ಳುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರುನೀರಾಗಿ ಸ್ವಲ್ಪ ಚಡ್ಡಿಗೆ ಸೋರಿದರೆ ಮನೆಯವರು ಭೇದಿ ಎಂದು ಔಷಧಿ ಕೊಡುತ್ತಾರೆ, ಇಲ್ಲವೇ ಇಷ್ಟು ದೊಡ್ಡವಳಾಗಿ ಚಡ್ಡಿಯಲ್ಲಿ ಮಾಡ್ತೀಯಾ ಎಂದು ಬೈಯುತ್ತಾರೆ. ಎರಡೂ ತಪ್ಪು. ಕಮೋಡಿನ ಮೇಲೆ ಮಕ್ಕಳ ಸೀಟು ಇಡಿ, ಕಾಲಿನ ಕೆಳಗೆ ಏಳೆಂಟು ಇಂಚಿನ ಗಟ್ಟಿ ಮಣೆ ಇಡಿ. ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಬೇಕು, ಕುಕ್ಕರುಗಾಲಿನ ಭಂಗಿಗೆ ಹತ್ತಿರವಾಗುತ್ತದೆ. ಊಟ ತಿಂಡಿಯಾದ ಹತ್ತು ಹದಿನೈದು ನಿಮಿಷಕ್ಕೆ ಐದು ನಿಮಿಷ ಕೂರಿಸಿ, ಆದರೆ ಆಯಿತು ಇಲ್ಲದಿದ್ದರೆ ಇಲ್ಲ. ಮಗು ಹೊರಗೆ ಬಂದ ಮೇಲೆ ಫ್ಲಶ್ ಮಾಡಿ. ಹಳೇ ಪಾಟಿ ಕುರ್ಚಿ ಇದ್ದರೆ ಅದನ್ನೇ ಒಂದು ತಿಂಗಳು ಬಳಸಿದರೂ ನಷ್ಟವಿಲ್ಲ. ಬಾಳೆಹಣ್ಣಿಗಿಂತ ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ, ಸೊಪ್ಪಿನ ಸಾರು, ಸಾಕಷ್ಟು ನೀರು ಹೆಚ್ಚು ಉಪಯೋಗ. ವಾರದಲ್ಲಿ ಸರಿಹೋಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮನೆಯಲ್ಲೇ ಎನಿಮಾ ಕೊಡಬೇಡಿ.

ಊಟದಲ್ಲೂ ಹೀಗೇ. ನೀರು ಬದಲಾಗಿರುತ್ತದೆ, ಹಾಲು ಬದಲಾಗಿರುತ್ತದೆ, ಊರಿನ ಹಸುವಿನ ಹಾಲು ಕುಡಿದು ರೂಢಿಯಾದ ಮಗುವಿಗೆ ಪ್ಯಾಕೆಟ್ ಹಾಲು ಬೇರೆಯೇ ಪದಾರ್ಥ. ಊರಿನಿಂದ ಹೊರಡುವಾಗ ಅದೇ ಅಕ್ಕಿ ಐದು ಕೆಜಿ, ಅದೇ ಸಾರಿನ ಪುಡಿ ಅರ್ಧ ಕೆಜಿ ತಂದುಕೊಳ್ಳಿ. ಕರಾವಳಿಯವರಾದರೆ ಕುಚ್ಚಲಕ್ಕಿ, ಉತ್ತರ ಕರ್ನಾಟಕದವರಾದರೆ ಜೋಳದ ಹಿಟ್ಟು. ಎರಡು ವಾರ ಹೊಸ ಅಡುಗೆ ಪ್ರಯೋಗ ಬೇಡ. ನೀರನ್ನು ಕುದಿಸಿ ಆರಿಸಿ ಕೊಡಿ. ಭೇದಿಯಾದರೆ ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೆ ಕಲಸಬೇಕು, ಸ್ವಲ್ಪ ಪುಡಿ ಲೋಟಕ್ಕೆ ಹಾಕಿದರೆ ಉಪ್ಪಿನ ಅಳತೆ ತಪ್ಪಿ ತೊಂದರೆಯಾಗುತ್ತದೆ. ಕಲಸಿದ್ದನ್ನು 24 ತಾಸಿನ ಮೇಲೆ ಇಡಬಾರದು. ಜೊತೆಗೆ ವೈದ್ಯರು ಹೇಳಿದ ಸತುವಿನ (ಜಿಂಕ್) ಮಾತ್ರೆ 14 ದಿನ. ಭೇದಿ ನಿಂತರೂ ನಿಲ್ಲಿಸುವಂತಿಲ್ಲ.

ಮೊದಲ ವಾರ ದಿನಾ ಒಂದೇ ಹೊತ್ತಿಗೆ ಒಂದೇ ದಾರಿಯಲ್ಲಿ ಮಗುವನ್ನು ನಡೆಸಿಕೊಂಡು ಹೋಗಿ. ಗೇಟು, ಹಾಲಿನ ಬೂತು, ಗಣೇಶನ ಗುಡಿ, ಇಸ್ತ್ರಿ ಅಂಗಡಿ, ವಾಪಸ್. ದಿನಕ್ಕೊಂದು ಹೊಸ ರಸ್ತೆ ತೋರಿಸಿದರೆ ಮಗುವಿನ ತಲೆಯಲ್ಲಿ ಯಾವುದೂ ನಿಲ್ಲುವುದಿಲ್ಲ, ಒಂದೇ ದಾರಿ ಏಳು ಸಲ ನಡೆದರೆ ಎಂಟನೇ ದಿನ ಅದೇ ನಿಮ್ಮನ್ನು ಕರೆದೊಯ್ಯುತ್ತದೆ. ನಾಲ್ಕು ದಾಟಿದ ಮಕ್ಕಳು ಹಳೇ ಮನೆ ಹುಡುಕಿಕೊಂಡು ಗೇಟು ದಾಟುವುದುಂಟು. ಅಪ್ಪ ಅಮ್ಮನ ಹೆಸರು, ಒಂದು ಫೋನ್ ನಂಬರು ಹಾಡಿನ ಹಾಗೆ ಬಾಯಿಪಾಠ ಮಾಡಿಸಿ. ಮೊದಲ ತಿಂಗಳು ಅಂಗಿಯ ಜೇಬಿನಲ್ಲಿ ನಂಬರಿನ ಚೀಟಿಯೂ ಇರಲಿ.

ಅಜ್ಜಿ ತಾತನ ಜೊತೆ ಬೆಳೆದ ಮಗು ಬೇರೆ ಮನೆಗೆ ಬಂದರೆ ಕಳೆದುಕೊಂಡದ್ದು ಮನೆಗಿಂತ ದೊಡ್ಡದು. ವಿಡಿಯೊ ಕರೆಯಲ್ಲಿ "ಊಟ ಆಯ್ತಾ, ಏನ್ ಮಾಡ್ತಿದೀಯ" ಎಂದು ಕೇಳಿದರೆ ಎರಡು ವರ್ಷದ ಮಗು ಓಡಿಹೋಗುತ್ತದೆ, ಅಜ್ಜಿಗೆ ಬೇಜಾರಾಗುತ್ತದೆ. ಕರೆಯಲ್ಲಿ ಏನಾದರೂ ಮಾಡಬೇಕು: ಅಜ್ಜಿ ಅಲ್ಲಿ ಚಂದಮಾಮ ತೋರಿಸುತ್ತಾ ಕಥೆ ಹೇಳಲಿ, ಅಮ್ಮ ಇಲ್ಲಿ ತುತ್ತು ಹಾಕಲಿ. ದಿನಾ ಒಂದೇ ಹೊತ್ತಿಗೆ, ಏಳೆಂಟು ನಿಮಿಷ. ಕರೆ ಮುಗಿದ ಮೇಲೆ ಮಗು ಅತ್ತರೆ ಕರೆ ನಿಲ್ಲಿಸಬೇಕೆಂದಲ್ಲ. ಅಜ್ಜಿ ನೆನಪಾಯ್ತಾ, ನನಗೂ ಆಯ್ತು ಎಂದು ಎತ್ತಿಕೊಂಡರೆ ಸಾಕು.

ಶಾಲೆ ಅಥವಾ ಅಂಗನವಾಡಿ ಸೇರಿಸುವುದಕ್ಕೂ ಮನೆ ಬದಲಿಸುವುದಕ್ಕೂ ನಡುವೆ ಎರಡು ವಾರ ಸಿಕ್ಕರೆ ಒಳ್ಳೆಯದು; ಮೇ ತಿಂಗಳ ವರ್ಗಾವಣೆಯಲ್ಲಿ ಅದು ತಾನಾಗಿ ಸಿಗುತ್ತದೆ. ಹಳೇ ಊರು ಬಿಡುವ ಮೊದಲೇ ಅಂಗನವಾಡಿ ಟೀಚರಿಗೆ ಹೇಳಿ ಅಂಗನವಾಡಿಯವರ ಮೊಬೈಲ್ ಆ್ಯಪ್ ಆದ ಪೋಷಣ್ ಟ್ರ್ಯಾಕರಿನಲ್ಲಿ ಮಗುವಿನ ಹೆಸರು ವರ್ಗಾಯಿಸಲು ಕೇಳಿಕೊಳ್ಳಿ. ಒಂದನೇ ತರಗತಿ ಮೇಲಿನವರಿಗೆ ಟಿಸಿ ಮತ್ತು ಸ್ಯಾಟ್ಸ್ ನಂಬರು (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ನಂಬರು) ಬೇಕು. ಟಿಸಿ ತಡವಾಯಿತೆಂದು ಸರ್ಕಾರಿ ಶಾಲೆಯಲ್ಲಿ ಪ್ರವೇಶ ತಡೆಹಿಡಿಯುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ಕಾಗದ ಪತ್ರಕ್ಕಿಂತ ಮುಖ್ಯವಾದ ಒಂದು ಚೀಟಿ ಟೀಚರ್ ಕೈಗೆ ಕೊಡಬೇಕು. ಅದರಲ್ಲಿ ಆರೇ ಮಾತು: ನೀರು, ಹಸಿವು, ಉಚ್ಚೆ, ಕಕ್ಕ, ನಿದ್ದೆ, ನೋವು, ಇವಕ್ಕೆ ಮಗು ಮನೆಯಲ್ಲಿ ಏನೆನ್ನುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತಾಡುವ ಮನೆಯ ಮಗುವಿಗೆ ಇದು ಬೇಕೇ ಬೇಕು, ಕನ್ನಡದ ಮಗುವಿಗೂ ಬೇಕು. ಮಂಗಳೂರಿನ ಮಗು "ಎಂತಕ್ಕೆ" ಎಂದರೆ, ಧಾರವಾಡದ ಮಗು "ಒಲ್ಲೆ" ಎಂದರೆ ಬೆಂಗಳೂರಿನ ತರಗತಿ ನಗುತ್ತದೆ. ನಗು ಕೇಳಿದ ಮಗು ಕೆಲವು ವಾರ ಶಾಲೆಯಲ್ಲಿ ಬಾಯಿಯೇ ಬಿಡದಿರಬಹುದು. ಮನೆಯವರೂ ಸೇರಿಕೊಂಡು "ಹಾಗನ್ನಬಾರದು, ಹೀಗನ್ನು" ಎಂದು ತಿದ್ದತೊಡಗಿದರೆ ಮಗುವಿಗೆ ಮಾತಾಡಲು ಜಾಗವೇ ಉಳಿಯುವುದಿಲ್ಲ. ಮನೆಯ ಮಾತು ಮನೆಯಲ್ಲಿ ಹಾಗೇ ಇರಲಿ. ಹೊಸ ಮಾತನ್ನು ಅದು ಗೆಳೆಯರಿಂದ ಕಲಿಯುತ್ತದೆ, ಅದೂ ಬೇಗ.

ಮೊದಲ ವಾರ ಚೆನ್ನಾಗಿ ಕಳೆದರೆ ಮೋಸ ಹೋಗಬೇಡಿ. ಹೊಸ ಮನೆ ಆಗ ನೆಂಟರ ಮನೆಯ ಹಾಗೆ ಕಾಣುತ್ತಿರುತ್ತದೆ. ವಾಪಸ್ ಹೋಗುವುದಿಲ್ಲ ಎಂದು ಮಗುವಿಗೆ ತಿಳಿಯುವುದು ಎರಡನೇ ಮೂರನೇ ವಾರದಲ್ಲಿ, ಅಳು, ಕಚ್ಚುವುದು, ಒದ್ದೆ ಹಾಸಿಗೆ ಬರುವುದು ಆಗ. ಒದ್ದೆಯಾದರೆ ಮಾತಿಲ್ಲದೆ ಬಟ್ಟೆ ಬದಲಿಸಿ ಮಲಗಿಸಿ. ಬೈದರೆ ಅದು ಉದ್ದವಾಗುತ್ತದೆ. ಒಂದೆರಡು ತಿಂಗಳಲ್ಲಿ ಇದು ತಗ್ಗಬೇಕು. ತಗ್ಗದಿದ್ದರೆ, ತೂಕ ಇಳಿದರೆ, ಆಡುವುದನ್ನೇ ಬಿಟ್ಟರೆ, ಬರುತ್ತಿದ್ದ ಮಾತು ಹೋಗಿಬಿಟ್ಟರೆ, ಉಚ್ಚೆಗೆ ಉರಿ ಅಥವಾ ಅತಿಯಾದ ಬಾಯಾರಿಕೆ ಇದ್ದರೆ ಮಕ್ಕಳ ವೈದ್ಯರ ಬಳಿ ಹೋಗಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿವೆ. ಅಮ್ಮನಿಗೇ ಹೊಸ ಊರಿನಲ್ಲಿ ಉಸಿರು ಕಟ್ಟಿದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ವರ್ಗಾವಣೆ ಗಂಡನದು, ಒಂಟಿತನ ಹೆಂಡತಿಯದು ಎಂಬಂಥ ಮನೆಗಳು ಎಷ್ಟೋ ಇವೆ. ಅಂಥ ಮನೆಯಲ್ಲಿ ಮಗುವಿನ ಅಳು ಎಷ್ಟೋ ಸಲ ಅಮ್ಮನ ಅಳುವೇ ಆಗಿರುತ್ತದೆ.

ಹಳೇ ಮನೆ ನೋಡಬೇಕು ಎಂದು ಮಗು ಕೇಳಿದರೆ, ಹತ್ತಿರದಲ್ಲಿದ್ದರೆ, ಎರಡು ತಿಂಗಳಾದ ಮೇಲೆ ಕರೆದುಕೊಂಡು ಹೋಗಿ. ಅಲ್ಲಿ ಈಗ ಬೇರೆಯವರಿದ್ದಾರೆ, ಪರದೆ ಬೇರೆ ಬಣ್ಣದ್ದಿರುತ್ತದೆ, ಗೇಟಿನಲ್ಲಿ ಬೇರೆ ಮಕ್ಕಳ ಸೈಕಲ್ ಇರಬಹುದು ಎಂದು ದಾರಿಯಲ್ಲೇ ಹೇಳಿರಿ. ಒಳಗೆ ಹೋಗುವುದು ಬೇಡ, ಬೀದಿಯಿಂದ ನೋಡಿದರೆ ಸಾಕು. ಪೇರಲೆ ಗಿಡ ಕಾಣುತ್ತದಾ ನೋಡಲಿ, ಮೂಲೆಯ ಅಂಗಡಿಯವರಿಂದ ಮೊದಲಿನ ಹಾಗೆ ಒಂದು ಕಡಲೆಮಿಠಾಯಿ ಕೊಡಿಸಿ. ಕತ್ತಲಾಗುವ ಮೊದಲೇ ಹೊರಟುಬಿಡಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗು ತನ್ನ ಲೋಟ ಇರುವ ಮನೆಯಲ್ಲಿರಬೇಕು.